ಕರಂಡೆ, ನೇರಳೆ, ಸ್ಟ್ರಾಬೆರಿ: ಜಾಮ್ ಬಗ್ಗೆ ನೀವು ಕೇಳಿದ್ದು

ಮನೆಯಲ್ಲೇ ಜಾಮ್ ಮಾಡುವವರ ಪ್ರಶ್ನೆಗಳು ಈ ಸಲ ಜಾಸ್ತಿ ಬಂದಿವೆ. ಹೆಚ್ಚಿನವು ಸ್ಟ್ರಾಬೆರಿ ಬಗ್ಗೆ, ಉಳಿದವು ನೇರಳೆ, ಕರಂಡೆ (ಕವಳಿಕಾಯಿ), ಪುನರ್ಪುಳಿ (ಕೋಕಂ) ಬಗ್ಗೆ. ಓದುತ್ತಾ ಹೋದಾಗ ಒಂದು ವಿಷಯ ಮತ್ತೆ ಮತ್ತೆ ಕಂಡಿತು. ರೆಸಿಪಿ ತಂಪು ದೇಶದ್ದು, ಹಣ್ಣು ಮತ್ತು ಹವೆ ನಮ್ಮ ಕರಾವಳಿಯದ್ದು. ಅಲ್ಲಿಯೇ ಜಾಮ್ ಹಾಳಾಗುತ್ತಿದೆ. ನಮ್ಮ ಗುಡ್ಡದ ಹಣ್ಣುಗಳಲ್ಲಿ ಏನಿದೆ, ಏನಿಲ್ಲ ಅಂತ ಗೊತ್ತಾದರೆ ರೆಸಿಪಿ ನೋಡುವ ಅಗತ್ಯವೇ ಕಡಿಮೆಯಾಗುತ್ತದೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಮಾರ್ಕೆಟ್‌ನಿಂದ ಸ್ಟ್ರಾಬೆರಿ ತಂದು ಜಾಮ್ ಮಾಡಿದೆ. ಒಂದು ಗಂಟೆಗಿಂತ ಜಾಸ್ತಿ ಕುದಿಸಿದೆ. ಬಣ್ಣ ಕಂದಾಯಿತು, ಆದರೂ ನೀರು ನೀರಾಗಿಯೇ ಉಳಿಯಿತು. ಇನ್ನೂ ಎಷ್ಟು ಹೊತ್ತು ಕುದಿಸಬೇಕಿತ್ತು? (ಸುರತ್ಕಲ್)

ಇನ್ನೂ ಕುದಿಸುವುದಲ್ಲ, ಕಡಿಮೆ ಕುದಿಸಬೇಕಿತ್ತು. ಜಾಮ್ ಗಟ್ಟಿಯಾಗಲು ಮೂರು ವಸ್ತು ಬೇಕು: ಪೆಕ್ಟಿನ್, ಹುಳಿ, ಸಕ್ಕರೆ. ಪೆಕ್ಟಿನ್ ಅಂದರೆ ಹಣ್ಣಿನ ಸಿಪ್ಪೆ, ತಿರುಳು, ಬೀಜದ ಸುತ್ತ ಇರುವ ಅಂಟಿನಂಥ ನಾರು. ಹುಳಿ ಇದ್ದಾಗ ಈ ನಾರಿನ ಎಳೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ, ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಆಗ ಎಳೆಗಳು ಬಲೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಸ್ಟ್ರಾಬೆರಿಯಲ್ಲಿ ಪೆಕ್ಟಿನ್ ಕಡಿಮೆ. ಇರುವಷ್ಟು ಪೆಕ್ಟಿನ್ ಕೂಡ ಹುಳಿಯ ಜೊತೆ ಒಂದು ಗಂಟೆ ಕುದಿದರೆ ಒಡೆದು ಹೋಗುತ್ತದೆ. ನೀವು ಕುದಿಸಿದಷ್ಟೂ ಅದು ಗಟ್ಟಿಯಾಗುವ ಶಕ್ತಿ ಕಳೆದುಕೊಂಡಿದೆ, ಜೊತೆಗೆ ಬಣ್ಣವೂ ಹೋಗಿದೆ.

ಮುಂದಿನ ಸಲ ಹೀಗೆ ಮಾಡಿ ನೋಡಿ. 1 ಕಿಲೋ ಸ್ಟ್ರಾಬೆರಿ ತೊಳೆದು, ತೊಟ್ಟು ತೆಗೆದು, ದೊಡ್ಡದಿದ್ದರೆ ಎರಡಾಗಿ ಸೀಳಿ. 750 ಗ್ರಾಂ ಸಕ್ಕರೆ ಬೆರೆಸಿ ರಾತ್ರಿ ಫ್ರಿಜ್‌ನಲ್ಲಿ ಇಡಿ. ಬೆಳಿಗ್ಗೆ ತಾನಾಗಿಯೇ ರಸ ಬಿಟ್ಟಿರುತ್ತದೆ, ಹಣ್ಣಿನ ತುಂಡೂ ಗಟ್ಟಿಯಾಗಿ ಉಳಿಯುತ್ತದೆ. ಎರಡು ದೊಡ್ಡ ನಿಂಬೆಹಣ್ಣಿನ ರಸ ಹಾಕಿ, ಅಗಲ ಬಾಯಿಯ ಪಾತ್ರೆಯಲ್ಲಿ ಜೋರು ಉರಿಯಲ್ಲಿ ಬೇಗ ಕುದಿಸಿ ಇಳಿಸಿ. ಪಾತ್ರೆ ಅಗಲ ಇದ್ದಷ್ಟು ನೀರು ಬೇಗ ಹಾರುತ್ತದೆ. ಒಮ್ಮೆಗೆ 1 ಕಿಲೋಗಿಂತ ಜಾಸ್ತಿ ಹಣ್ಣು ಹಾಕಬೇಡಿ. 3 ಕಿಲೋ ತಂದಿದ್ದರೆ ಮೂರು ಸಲ ಮಾಡಿ, ಅದರಲ್ಲಿ ಬೇರೆ ದಾರಿ ಇಲ್ಲ.

ಪೆಕ್ಟಿನ್ ಕೊರತೆ ತುಂಬಲು ಇನ್ನೊಂದು ಹಣ್ಣಿನ ಸಹಾಯ ಬೇಕು. ಸ್ಟ್ರಾಬೆರಿ ಬರುವ ಹೊತ್ತಿಗೆ ನಮ್ಮಲ್ಲಿ ಪೇರಳೆ ಸಿಗುತ್ತದಲ್ವಾ, ಒಂದೆರಡು ದೋರೆ ಪೇರಳೆಯನ್ನು ಬೀಜ ಸಮೇತ ಹೆಚ್ಚಿ, ಮುಳುಗುವಷ್ಟು ನೀರಲ್ಲಿ ಬೇಯಿಸಿ ಸೋಸಿ. ಆ ನೀರು ಒಂದು ಕಪ್ ಸೇರಿಸಿದರೆ ಸಾಕು. ಪೇರಳೆಯ ರುಚಿ ಬೇಡ ಅನ್ನುವವರು ಮೇ ತಿಂಗಳಲ್ಲೇ ಕರಂಡೆಯ ರಸ ತೆಗೆದು ಫ್ರೀಜರ್‌ನಲ್ಲಿ ಇಟ್ಟುಕೊಳ್ಳಿ. ನನ್ನ ಪ್ರಕಾರ ಸ್ಟ್ರಾಬೆರಿಗೆ ಕರಂಡೆಯಷ್ಟು ಒಳ್ಳೆ ಜೊತೆ ಬೇರೆ ಇಲ್ಲ: ಹುಳಿ, ಪೆಕ್ಟಿನ್, ಕೆಂಪು ಬಣ್ಣ ಮೂರೂ ಒಟ್ಟಿಗೆ ಸಿಗುತ್ತದೆ.

ಈಗ ನೀರಾಗಿ ಉಳಿದ ಜಾಮ್ ಎಸೆಯಬೇಡಿ. ಸಿರಪ್ ಅಂತ ಇಟ್ಟುಕೊಂಡು ದೋಸೆಗೆ, ಐಸ್‌ಕ್ರೀಮ್‌ಗೆ ಹಾಕಿ. ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಲು ಹೋಗಬೇಡಿ. ರುಚಿಯೂ ಕೆಡುತ್ತದೆ, ಬಾಳಿಕೆಯೂ ಕೆಡುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿರುವ ಅಕ್ಕ ಥರ್ಮಾಮೀಟರ್ ಇಟ್ಟು 101 ಡಿಗ್ರಿಗೆ ಜಾಮ್ ಇಳಿಸುತ್ತಾರೆ. ಗಟ್ಟಿ ಬರುತ್ತದೆ. ನಾನು ಇಲ್ಲಿ ಅದೇ 101ಕ್ಕೆ ಇಳಿಸಿದರೆ ಪಾನಕದ ಹಾಗೆ ಇರುತ್ತದೆ. ಥರ್ಮಾಮೀಟರ್ ಹಾಳಾಗಿದೆಯಾ? (ಮಣಿಪಾಲ)

ಥರ್ಮಾಮೀಟರ್ ಸರಿಯಾಗಿಯೇ ಇದೆ. ಎತ್ತರ ಹೋದ ಹಾಗೆ ನೀರು ಕಡಿಮೆ ಬಿಸಿಯಲ್ಲಿ ಕುದಿಯುತ್ತದೆ. ಸುಮಾರು 300 ಮೀಟರ್‌ಗೆ 1 ಡಿಗ್ರಿ ಲೆಕ್ಕ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗಿಂತ ಮೇಲಿದೆ, ಅಲ್ಲಿ ನೀರು ಹತ್ತಿರ ಹತ್ತಿರ 96 ಡಿಗ್ರಿಗೇ ಕುದಿಯುತ್ತದೆ. ಜಾಮ್‌ನ ಹದ ನೀರಿನ ಕುದಿಗಿಂತ ನಾಲ್ಕೂವರೆ ಡಿಗ್ರಿಯಷ್ಟು ಮೇಲೆ. ಹಾಗಾಗಿ ಅವರಿಗೆ 101, ನಮಗೆ 104ರಿಂದ 105. ಜಾಮ್ ಮಾಡುವ ದಿನ ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ನೋಡಿಕೊಳ್ಳಿ, ಅದರ ಮೇಲೆ ಲೆಕ್ಕ ಹಾಕಿ.

ಥರ್ಮಾಮೀಟರ್ ಇಲ್ಲದವರು ಒಂದು ಸ್ಟೀಲ್ ತಟ್ಟೆ ಫ್ರೀಜರ್‌ನಲ್ಲಿ ಇಡಿ. ಜಾಮ್ ದಪ್ಪ ಗುಳ್ಳೆಯಾಗಿ, ಟಪ್ ಟಪ್ ಅಂತ ಕುದಿಯಲು ಶುರುವಾದಾಗ ಒಲೆ ಆರಿಸಿ, ತಣ್ಣನೆ ತಟ್ಟೆಗೆ ಅರ್ಧ ಚಮಚ ಹಾಕಿ. ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲ್ಭಾಗ ಸುಕ್ಕುಗಟ್ಟಿದರೆ ಹದ ಬಂದಿದೆ. ಒಲೆ ಆರಿಸುವುದನ್ನು ಮರೆಯಬೇಡಿ, ನೀವು ತಟ್ಟೆ ನೋಡುತ್ತಿರುವಾಗಲೇ ಜಾಮ್ ಹದ ಮೀರುತ್ತದೆ.

ಇನ್ನೊಂದು ದಾರಿ ತೂಕ. ಇದು ನನಗೆ ತುಂಬ ಇಷ್ಟ, ಯಾಕೆಂದರೆ ಇದರಲ್ಲಿ ಅಂದಾಜು ಕಡಿಮೆ. ಖಾಲಿ ಪಾತ್ರೆಯ ತೂಕ ಬರೆದಿಡಿ. 1 ಕಿಲೋ ತಿರುಳಿಗೆ 1 ಕಿಲೋ ಸಕ್ಕರೆ ಹಾಕಿದ್ದರೆ, ಜಾಮ್ ಸುಮಾರು 1.7 ಕಿಲೋಗೆ ಇಳಿದಾಗ ಅದರಲ್ಲಿ ಸಕ್ಕರೆ ಮತ್ತು ಹಣ್ಣಿನ ಸತ್ವ ಸೇರಿ ನೂರಕ್ಕೆ 65 ಭಾಗ ಆಗಿರುತ್ತದೆ. ಅಂಗಡಿ ಜಾಮ್‌ಗೆ ನಮ್ಮ ದೇಶದ ನಿಯಮ ಹೇಳುವ ಕನಿಷ್ಠ ಮಟ್ಟವೂ ಅದೇ 65.

ಪ್ರಶ್ನೆ: ಮೇ ತಿಂಗಳಲ್ಲಿ ಮಾಡಿದ ಜಾಮ್‌ಗೆ ಆಟಿ ತಿಂಗಳು (ಜುಲೈ-ಆಗಸ್ಟ್) ಬರುವ ಮೊದಲೇ ಬೂಷ್ಟು ಬರುತ್ತದೆ. ಬಾಟಲಿ ಬಿಸಿಲಲ್ಲಿ ಒಣಗಿಸಿಯೇ ತುಂಬಿಸಿದ್ದು. ಮೇಲಿನ ಪದರ ತೆಗೆದು ತಿನ್ನಬಹುದಾ? (ಬ್ರಹ್ಮಾವರ, ಮೂಲ್ಕಿ, ಕುಂದಾಪುರ)

ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ತಿನ್ನಬೇಡಿ. ಮೇಲೆ ಕಾಣುವುದು ಸ್ವಲ್ಪ, ಅದರ ನೂಲಿನಂಥ ಬೇರು ಕೆಳಗೆ ಹೋಗಿರುತ್ತದೆ, ಕೆಲವು ಬೂಷ್ಟು ವಿಷವನ್ನೂ ಬಿಡುತ್ತದೆ. ಇಡೀ ಬಾಟಲಿ ಎಸೆಯಿರಿ. ಕಷ್ಟಪಟ್ಟು ಮಾಡಿದ್ದು ಎಸೆಯುವಾಗ ಹೊಟ್ಟೆ ಉರಿಯುತ್ತದೆ ನಿಜ, ಆದರೆ ಮಕ್ಕಳಿಗೆ ಕೊಡುವ ವಸ್ತು.

ಕಾರಣ ಹೆಚ್ಚಾಗಿ ಬಾಟಲಿ ತುಂಬುವ ಹೊತ್ತಿನಲ್ಲಿ ಇರುತ್ತದೆ. ಜಾಮ್ ಅರ್ಧ ಆರಿದ ಮೇಲೆ ತುಂಬಿಸಿ ಮುಚ್ಚಳ ಹಾಕಿದರೆ ಒಳಗಿನ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಜಾಮ್‌ನ ಮೇಲಿನ ಪದರದಲ್ಲಿ ಮಾತ್ರ ಸಕ್ಕರೆ ತೆಳುವಾಗುತ್ತದೆ. ಬೂಷ್ಟಿಗೆ ಅಷ್ಟು ಸಾಕು. ನಮ್ಮ ಮಳೆಗಾಲದ ತೇವದಲ್ಲಿ ಅಡುಗೆಮನೆಯ ಗಾಳಿಯಲ್ಲೇ ಬೂಷ್ಟಿನ ಕಣಗಳು ತುಂಬಿರುತ್ತವೆ, ಬಾಗಿಲ ಹಿಂದಿನ ಚಪ್ಪಲಿಗೂ ಬರುತ್ತದೆ, ಜಾಮ್‌ಗೆ ಬರದೆ ಇರುತ್ತದಾ?

ಬಾಟಲಿಯನ್ನು ಬಿಸಿಲಲ್ಲಿ ಒಣಗಿಸಿದರೆ ಸಾಲದು. ಪಾತ್ರೆಯ ತಳಕ್ಕೆ ಬಟ್ಟೆ ಹಾಕಿ, ಬಾಟಲಿ ಮುಳುಗುವಷ್ಟು ನೀರಲ್ಲಿ 10 ನಿಮಿಷ ಕುದಿಸಿ. ಇಕ್ಕಳದಿಂದ ಎತ್ತಿ ಬೋರಲು ಹಾಕಿದರೆ ತನ್ನ ಬಿಸಿಗೇ ಒಣಗುತ್ತದೆ. ಬಟ್ಟೆಯಿಂದ ಒಳಗೆ ಒರೆಸಬೇಡಿ. ಬಾಟಲಿ ಬಿಸಿ ಇರುವಾಗಲೇ, ಜಾಮ್ ಕೂಡ ಕುದಿ ನಿಂತ ಕೂಡಲೇ ತುಂಬಿಸಿ, ಮೇಲೆ ಅರ್ಧ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗ ಬಿಟ್ಟು, ಅಂಚು ಒರೆಸಿ, ಕೂಡಲೇ ಮುಚ್ಚಿ. ತಣ್ಣನೆ ಬಾಟಲಿಗೆ ಬಿಸಿ ಜಾಮ್ ಹಾಕಿದರೆ ಗಾಜು ಸೀಳುತ್ತದೆ, ಹುಷಾರು. ಹೊರಗೆ ತಿಂಗಳುಗಟ್ಟಲೆ ಇಡುವ ಆಸೆ ಇದ್ದರೆ, ಹೊಸ ಮುಚ್ಚಳ ಹಾಕಿ, ತುಂಬಿದ ಬಾಟಲಿಯನ್ನು ಮತ್ತೆ ಕುದಿಯುವ ನೀರಲ್ಲಿ ಮುಳುಗಿಸಿ 10 ನಿಮಿಷ ಇಡಬೇಕು. ಹಳೆ ಜಾಮ್ ಬಾಟಲಿಯ ಮುಚ್ಚಳದೊಳಗಿನ ರಬ್ಬರಿನಂಥ ಪಟ್ಟಿ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ, ಹಳೆ ಮುಚ್ಚಳದ ಬಾಟಲಿಯನ್ನು ಫ್ರಿಜ್‌ನಲ್ಲೇ ಇಡಿ. ಬಾಟಲಿ ಬೋರಲು ಹಾಕಿದರೆ ಸೀಲ್ ಆಗುತ್ತದೆ ಅನ್ನುವುದನ್ನು ನಂಬಬೇಡಿ. ಮೇಣ ಸುರಿಯುವುದೂ ಬೇಡ.

ಮತ್ತೆ, ದೊಡ್ಡ ಬಾಟಲಿ ಬೇಡವೇ ಬೇಡ. 200 ಗ್ರಾಂ ಬಾಟಲಿಗಳಲ್ಲಿ ತುಂಬಿ. ಒಂದು ತೆರೆದರೆ ಅದು ಫ್ರಿಜ್‌ಗೆ, ಒಣ ಚಮಚ ಮಾತ್ರ.

ಪ್ರಶ್ನೆ: ನೇರಳೆ ಹಣ್ಣು ಸಕ್ಕರೆ ಕಾಯಿಲೆಗೆ ಒಳ್ಳೆಯದು ಅನ್ನುತ್ತಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ನೇರಳೆ ಜಾಮ್ ಮಾಡಿ ಕೊಡಬಹುದಾ? ಮಾಡುವ ಕ್ರಮವನ್ನೂ ತಿಳಿಸಿ. (ಕಾರ್ಕಳ)

ಜಾಮ್ ಆದ ಮೇಲೆ ಅದು ನೇರಳೆ ಹಣ್ಣಲ್ಲ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. 20 ಗ್ರಾಂ ಜಾಮ್ ಅಂದರೆ ಒಂದು ದೊಡ್ಡ ಚಮಚ, ಅದರಲ್ಲಿ 13 ಗ್ರಾಂ ಹತ್ತಿರ ಸಕ್ಕರೆ. ಅಮ್ಮನಿಗೆ ಔಷಧಿ ಅಂತ ದಯವಿಟ್ಟು ಕೊಡಬೇಡಿ. ಹಣ್ಣನ್ನೇ ನಾಲ್ಕಾರು ತಿನ್ನಲಿ, ಎಷ್ಟು ಅಂತ ಡಾಕ್ಟರ ಹತ್ತಿರ ಕೇಳಿ.

ಉಳಿದವರಿಗೆ ಮಾಡುವ ಕ್ರಮ. ಮರದಡಿ ಬಿದ್ದು ಒಡೆದ ಹಣ್ಣು ಬೇಡ, ಮೊದಲ ಮಳೆ ಬಿದ್ದ ಮೇಲೆ ಅದು ಬೇಗ ಹುಳಿ ಹಿಡಿಯುತ್ತದೆ. ಕೊಯ್ದ ಹಣ್ಣನ್ನು ಉಪ್ಪು ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆಯಿರಿ, ಹುಳ ಇದ್ದರೆ ಹೊರಗೆ ಬರುತ್ತದೆ. ಸ್ವಲ್ಪವೇ ನೀರು ಹಾಕಿ ಬೇಯಿಸಿ, ಮೆತ್ತಗಾದ ಮೇಲೆ ಜರಡಿಯಲ್ಲಿ ಉಜ್ಜಿ ಬೀಜ ಬೇರೆ ಮಾಡಿ. ಮಿಕ್ಸಿಗೆ ಬೀಜ ಸಮೇತ ಹಾಕಬೇಡಿ, ಕಹಿಯಾಗುತ್ತದೆ. ತಿರುಳಿನಷ್ಟೇ ತೂಕದ ಸಕ್ಕರೆ, ಕಿಲೋಗೆ ಎರಡು ನಿಂಬೆಹಣ್ಣು. ನಿಂಬೆರಸ ಬಿದ್ದ ಕೂಡಲೇ ನೀಲಿ ಛಾಯೆ ಹೋಗಿ ಕೆಂಪು ನೇರಳೆ ಬಣ್ಣ ಬರುತ್ತದೆ, ನೋಡಲು ಬಹಳ ಚಂದ. ಒಗರು ಸ್ವಲ್ಪ ಉಳಿಯುತ್ತದೆ, ಅದು ಇರಲಿ. ಒಗರಿಲ್ಲದ ನೇರಳೆ ಜಾಮ್ ಯಾವ ಹಣ್ಣಿನದ್ದು ಅಂತಲೇ ಗೊತ್ತಾಗುವುದಿಲ್ಲ.

ಕುಂಟಾಲ ಹಣ್ಣಿನ ಬಗ್ಗೆಯೂ ಬೆಳ್ಮಣ್‌ನಿಂದ ಕೇಳಿದ್ದಾರೆ. ಅದೂ ನೇರಳೆಯ ಜಾತಿಯದ್ದೇ, ಆದರೆ ಹಣ್ಣು ಸಣ್ಣದು, ಬೀಜ ದೊಡ್ಡದು, ತಿರುಳು ಇಷ್ಟೇ ಇಷ್ಟು. ಜಾಮ್ ಆಸೆ ಬಿಟ್ಟು, ಬೇಯಿಸಿ ರಸ ಸೋಸಿ ಕರಂಡೆ ರಸದ ಜೊತೆ ಜೆಲ್ಲಿ ಮಾಡಿ. ಕಪ್ಪು ಕೆಂಪು ಜೆಲ್ಲಿ, ರುಚಿ ಕೇಳುವುದೇ ಬೇಡ.

ಪ್ರಶ್ನೆ: ನಮ್ಮ ಗುಡ್ಡೆಯಲ್ಲಿ ಕರಂಡೆ ರಾಶಿ ಇದೆ. ನಾವು ಉಪ್ಪಿನಲ್ಲಿ ಹಾಕುವುದು, ಉಪ್ಪಿನಕಾಯಿ ಮಾಡುವುದು ಬಿಟ್ಟರೆ ಹಣ್ಣಾದದ್ದೆಲ್ಲ ಹಕ್ಕಿಗೆ. ಜಾಮ್ ಆಗುತ್ತದಾ? ಹಾಲು ಬರುತ್ತದಲ್ಲ, ತೊಂದರೆ ಇಲ್ಲವಾ? (ಹಿರಿಯಡ್ಕ)

ಈ ಪ್ರಶ್ನೆಗೆ ಕಾಯುತ್ತಿದ್ದೆ. ಕರಾವಳಿಯವರಿಗೆ ಜಾಮ್‌ಗೆ ಇದಕ್ಕಿಂತ ಹೊಂದುವ ಹಣ್ಣು ಇಲ್ಲ. ಪೆಕ್ಟಿನ್ ತುಂಬಾ ಇದೆ, ಹುಳಿಯೂ ಇದೆ, ಬಣ್ಣ ತಾನಾಗಿಯೇ ಬರುತ್ತದೆ. ಸ್ಟ್ರಾಬೆರಿಗೆ ನಾವು ಹೊರಗಿನಿಂದ ಸೇರಿಸುವುದೆಲ್ಲ ಇದರಲ್ಲಿ ಮೊದಲೇ ಇದೆ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ: ಬೇಕರಿಯಲ್ಲಿ ಕೇಕ್ ಮೇಲೆ, ಬನ್ ಒಳಗೆ ಕೆಂಪಗೆ ಹೊಳೆಯುವ ಚೆರ್ರಿ ಅಂತ ತಿನ್ನುತ್ತೇವಲ್ಲ, ನಮ್ಮ ದೇಶದಲ್ಲಿ ಅದು ಹೆಚ್ಚಿನ ಸಲ ಕರಂಡೆಯೇ. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ್ದು.

ಹಾಲಿನ ಅಂಟು ಕೈಗೆ, ಪಾತ್ರೆಗೆ ಹಿಡಿಯುತ್ತದೆ, ಅಷ್ಟೇ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಕೊಯ್ದ ಹಣ್ಣನ್ನು ಉಪ್ಪು ನೀರಲ್ಲಿ ಒಂದೆರಡು ಗಂಟೆ ಇಟ್ಟು, ಎರಡು ಮೂರು ನೀರಲ್ಲಿ ತೊಳೆದರೆ ಹಾಲು ಹೋಗುತ್ತದೆ. ಪೂರ್ತಿ ಕಪ್ಪಾದ ಹಣ್ಣು ಮೂರು ಪಾಲು, ಇನ್ನೂ ಕೆಂಪಿರುವ ದೋರೆ ಒಂದು ಪಾಲು ತೆಗೆದುಕೊಳ್ಳಿ. ದೋರೆಯಲ್ಲಿ ಪೆಕ್ಟಿನ್ ಜಾಸ್ತಿ, ಹಣ್ಣಲ್ಲಿ ರುಚಿ ಜಾಸ್ತಿ.

ಜೆಲ್ಲಿ ಮಾಡುವುದಾದರೆ ಮುಳುಗುವಷ್ಟು ನೀರು ಹಾಕಿ ಸಿಪ್ಪೆ ಒಡೆಯುವ ತನಕ ಬೇಯಿಸಿ, ಸೌಟಿನಿಂದ ಜಜ್ಜಿ, ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿ ಇಡೀ ತೂಗು ಹಾಕಿ. ಹಿಂಡಬೇಡಿ. ಹಿಂಡಿದರೆ ರಸ ಜಾಸ್ತಿ ಸಿಗುತ್ತದೆ, ಆದರೆ ಜೆಲ್ಲಿ ಮಸುಕಾಗುತ್ತದೆ. ಒಂದು ಕಪ್ ರಸಕ್ಕೆ ಮುಕ್ಕಾಲರಿಂದ ಒಂದು ಕಪ್ ಸಕ್ಕರೆ. ನಿಂಬೆ ಬೇಡ. ಬೇಗ ಹದ ಬರುತ್ತದೆ, ಒಲೆ ಬಿಟ್ಟು ಹೋಗಬೇಡಿ. ಜಾಮ್ ಬೇಕಾದರೆ ಬೇಯಿಸಿದ್ದನ್ನು ಜರಡಿಯಲ್ಲಿ ಉಜ್ಜಿ ತಿರುಳು ತೆಗೆದು ಸಮ ತೂಕದ ಸಕ್ಕರೆ ಹಾಕಿ. ಒಂದು ಮಾತು: ಸಕ್ಕರೆಯನ್ನು ಹಣ್ಣು ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಸಿಪ್ಪೆ ಚರ್ಮದ ಹಾಗೆ ಗಟ್ಟಿಯಾಗಿ ಉಳಿಯುತ್ತದೆ. ಸ್ಟ್ರಾಬೆರಿಗೆ ಸಕ್ಕರೆ ಮೊದಲು, ಕರಂಡೆಗೆ ಸಕ್ಕರೆ ಕೊನೆಗೆ.

ಗುಡ್ಡೆಯಲ್ಲಿ ರಾಶಿ ಇದೆ ಅಂತ ನೀವು ಬರೆದದ್ದು ಓದಿ ಸಂತೋಷವಾಯಿತು. ಮಂಗಳೂರಿನ ಸುತ್ತಮುತ್ತ ಮುರಕಲ್ಲಿನ ಪದವುಗಳಲ್ಲಿ ಇದ್ದ ಪೊದೆಗಳು ಸೈಟ್ ಮಾಡುವ ಮೊದಲ ದಿನವೇ ಹೋಗುತ್ತವೆ. ಮುಳ್ಳಿನ ಗಿಡ ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಣ್ಣಿಗೆ ಮನೆಯಲ್ಲಿ ಬೆಲೆ ಬಂದರೆ ಗಿಡಕ್ಕೂ ಬೆಲೆ ಬರುತ್ತದೆ ಅಂತ ನಾನು ನಂಬುತ್ತೇನೆ. ಹಾಗಂತ ಒಂದು ಪೊದೆಯನ್ನು ಪೂರ್ತಿ ಬರಿದು ಮಾಡಬೇಡಿ, ಹಕ್ಕಿಗಳೂ ಇವೆ, ಬೀಜ ಹರಡುವುದು ಅವುಗಳೇ.

ಪ್ರಶ್ನೆ: ಸಕ್ಕರೆ ಅರ್ಧಕ್ಕೆ ಇಳಿಸಿ ಮಾಡಬಹುದಾ? ಬೆಲ್ಲ ಹಾಕಿದರೆ? (ಕದ್ರಿ, ಉಡುಪಿ, ಪಡುಬಿದ್ರಿ)

ಮಾಡಬಹುದು, ಆದರೆ ಅದು ಕಪಾಟಿನಲ್ಲಿ ಇಡುವ ಜಾಮ್ ಅಲ್ಲ, ಫ್ರಿಜ್‌ನಲ್ಲಿ ಇಟ್ಟು ಎರಡು ಮೂರು ವಾರದೊಳಗೆ ಮುಗಿಸುವಂಥದ್ದು. ಸಕ್ಕರೆ ಸುಮ್ನೆ ಸಿಹಿಗೆ ಮಾತ್ರ ಇರುವುದಲ್ಲ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟು, ಬ್ಯಾಕ್ಟೀರಿಯಾಗಳಿಗೆ ನೀರು ಸಿಗದ ಹಾಗೆ ಮಾಡುತ್ತದೆ. ಅದನ್ನು ತೆಗೆದರೆ ಕಾವಲು ಹೋದ ಹಾಗೆ. ಗಟ್ಟಿಯಾಗುವುದೂ ಕಷ್ಟ. ಕೃತಕ ಸಿಹಿ ಹಾಕುವವರಿಗೂ ಇದೇ ಉತ್ತರ, ಅದು ಸಿಹಿ ಕೊಡುತ್ತದೆ, ಕಾಪಾಡುವುದಿಲ್ಲ. ಕಡಿಮೆ ಸಕ್ಕರೆಗೆ ಬೇರೆಯೇ ಜಾತಿಯ ಪೆಕ್ಟಿನ್ ಪುಡಿ ಬರುತ್ತದೆ, ಅದು ಸಕ್ಕರೆಯ ಬದಲು ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. ಪ್ಯಾಕೆಟ್ ಮೇಲೆ ಬರೆದಿರುವುದನ್ನು ಸರಿಯಾಗಿ ಓದಿ ತನ್ನಿ. ಯಾವ ಪೆಕ್ಟಿನ್ ಪುಡಿಯಾದರೂ ನೇರ ಪಾತ್ರೆಗೆ ಉದುರಿಸಬೇಡಿ, ಐದು ಪಟ್ಟು ಸಕ್ಕರೆಯಲ್ಲಿ ಬೆರೆಸಿ ಹಾಕಿ, ಇಲ್ಲದಿದ್ದರೆ ಗಂಟಾಗುತ್ತದೆ.

ಬೆಲ್ಲ ನಮ್ಮದೇ ಕ್ರಮ. ಹಲಸಿನ ಹಣ್ಣಿನ ಪೆರಟಿ ಬೆಲ್ಲದಲ್ಲೇ ಮಾಡುತ್ತೇವೆ ಅಲ್ವಾ. ಕರಂಡೆಗೆ, ನೇರಳೆಗೆ ಬೆಲ್ಲ ಒಗ್ಗುತ್ತದೆ, ಬಣ್ಣ ಕಪ್ಪಾಗುತ್ತದೆ, ನೊರೆ ಜಾಸ್ತಿ ಬರುತ್ತದೆ. ಬೆಲ್ಲ ಕರಗಿಸಿ ಸೋಸಿಯೇ ಹಾಕಿ, ನಿಂಬೆ ಸ್ವಲ್ಪ ಜಾಸ್ತಿ ಹಿಂಡಿ. ಸ್ಟ್ರಾಬೆರಿಗೆ ಮಾತ್ರ ಬೇಡ, ಬೆಲ್ಲದ ಎದುರು ಆ ಹಣ್ಣಿನ ಪರಿಮಳ ಉಳಿಯುವುದೇ ಇಲ್ಲ.

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ಸಕ್ಕರೆ ಬದಲು ಜೇನು ಹಾಕಿ ಹಣ್ಣಿನ ಜಾಮ್ ಮಾಡಬೇಕೆಂದಿದ್ದೇನೆ. (ಕಟಪಾಡಿ)

ಬೇಡ. ಒಂದು ವರ್ಷ ತುಂಬುವ ತನಕ ಜೇನು ಕೊಡಲೇಬಾರದು, ಅದರಲ್ಲಿ ಬಾಟ್ಯುಲಿಸಮ್ ಎಂಬ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಮನೆಯಲ್ಲಿ ಕುದಿಸಿದರೂ ಅವು ಸಾಯುವುದಿಲ್ಲ. ಜಾಮ್ ಕೂಡ ಈಗ ಅಗತ್ಯವಿಲ್ಲ. ಹಣ್ಣನ್ನೇ ಕಿವುಚಿ ಕೊಡಿ.

ಪ್ರಶ್ನೆ: ಅಂಗಳದಲ್ಲಿ ಹಿಪ್ಪುನೇರಳೆ ಗಿಡ ಇದೆ. ಪುನರ್ಪುಳಿಯೂ ಇದೆ. ಎರಡರಲ್ಲೂ ಜಾಮ್ ಆಗುತ್ತದಾ? (ಮೂಡುಬಿದಿರೆ)

ಹಿಪ್ಪುನೇರಳೆ ಆಗುತ್ತದೆ. ಬಣ್ಣ, ಸಿಹಿ ಎರಡೂ ಇದೆ, ಆದರೆ ಪೆಕ್ಟಿನ್ ಕಡಿಮೆ, ಹುಳಿ ಅದಕ್ಕಿಂತ ಕಡಿಮೆ. ನಿಂಬೆ ಕೈಬಿಡಬೇಡಿ. ಇದು ಬರೀ ರುಚಿಯ ಮಾತಲ್ಲ, ಹುಳಿ ಕಡಿಮೆ ಇರುವ ಹಣ್ಣನ್ನು ಹಾಗೆಯೇ ಬಾಟಲಿಯಲ್ಲಿ ಮುಚ್ಚಿಡುವುದು ಅಪಾಯ. ದಿನವೂ ಒಂದು ಹಿಡಿ ಮಾತ್ರ ಹಣ್ಣಾಗುತ್ತದೆ ಅನ್ನುವವರು ಕೊಯ್ದದ್ದನ್ನು ಫ್ರೀಜರ್‌ನಲ್ಲಿ ಕೂಡಿಡಿ, 1 ಕಿಲೋ ಆದ ದಿನ ಮಾಡಿ.

ಪುನರ್ಪುಳಿಗೆ ಜಾಮ್ ಬೇಡ, ಸಿರಪ್ ಮಾಡಿ. ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಬಿಸಿಲು ಇರುವಾಗಲೇ. ಬೀಜ ತೆಗೆದ ಹಸಿ ಸಿಪ್ಪೆ ಒಂದು ಪಾಲು, ಸಕ್ಕರೆ ಎರಡು ಪಾಲು. ಗಾಜಿನ ಬಾಟಲಿಯಲ್ಲಿ ಅಥವಾ ಭರಣಿಯಲ್ಲಿ ಪದರ ಪದರವಾಗಿ ಹಾಕಿ ಒಂದು ವಾರ ಬಿಸಿಲಿಗಿಡಿ, ದಿನವೂ ಕಲಕಿ. ಸಕ್ಕರೆ ರಸವನ್ನೆಲ್ಲ ಎಳೆದು ಹೊರಗೆ ತರುತ್ತದೆ, ಬೇಯಿಸದ ಕಾರಣ ಬಣ್ಣ ಉಳಿಯುತ್ತದೆ. ಸೋಸಿ ತುಂಬಿಸಿಡಿ. ಕುಡಿಯುವಾಗ ನೀರು, ಚಿಟಿಕೆ ಉಪ್ಪು, ಜೀರಿಗೆ ಪುಡಿ. ಸಂರಕ್ಷಕ ಹಾಕಲೇಬೇಕು ಅನ್ನುವವರು ಒಂದು ನೆನಪಿಡಿ: ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಕೆಂಪು ನೇರಳೆ ಬಣ್ಣವನ್ನು ಬಿಳುಚಿಸುತ್ತದೆ. ಬಣ್ಣದ ಹಣ್ಣುಗಳಿಗೆ ಸೋಡಿಯಂ ಬೆಂಜೋಯೇಟ್, ಅದೂ ಲೀಟರ್‌ಗೆ ಅರ್ಧ ಗ್ರಾಂ ದಾಟದ ಹಾಗೆ ತೂಗಿ ಹಾಕಬೇಕು. ಇಷ್ಟು ಸಕ್ಕರೆ ಇರುವ ಸಿರಪ್‌ಗೆ ಅದರ ಅಗತ್ಯ ನನಗಂತೂ ಕಾಣುವುದಿಲ್ಲ.

ಪ್ರಶ್ನೆ: ಅಜ್ಜಿಯ ಹಿತ್ತಾಳೆ ಉರುಳಿಯಲ್ಲಿ ಮಾಡಬಹುದಾ? (ಕೋಟ)

ಕಲಾಯಿ ಹೊಸದಾಗಿ ಮಾಡಿಸಿದ್ದರೆ ಮಾತ್ರ. ಅಲ್ಯೂಮಿನಿಯಂ, ಕಬ್ಬಿಣದ ಬಾಣಲೆ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ, ಬಣ್ಣ ಮಂಕಾಗುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆಯೇ ಒಳ್ಳೆಯದು.

ಪ್ರಶ್ನೆ: ಕ್ರಿಸ್‌ಮಸ್ ಕುಸ್ವಾರ್‌ಗೆ (ಹಬ್ಬದ ತಿಂಡಿಗಳಿಗೆ) ಪ್ರತಿವರ್ಷ ಪೇರಳೆಯ ಪೆರಾದ್ (ತುಂಡು ಮಾಡುವ ಹಲ್ವದಂಥ ಸಿಹಿ) ಮಾಡುತ್ತೇವೆ. ಅದನ್ನೇ ಸ್ಟ್ರಾಬೆರಿಯಲ್ಲಿ ಮಾಡಲು ಹೋದರೆ ತುಂಡು ಆಗುವುದೇ ಇಲ್ಲ. (ಕುಲಶೇಖರ)

ಪೇರಳೆಯಲ್ಲಿ ಇರುವ ಪೆಕ್ಟಿನ್ ಸ್ಟ್ರಾಬೆರಿಯಲ್ಲಿ ಇಲ್ಲ, ಹಾಗಾಗಿ ತುಂಡು ನಿಲ್ಲುವುದಿಲ್ಲ. ಅರ್ಧ ಪೇರಳೆ ತಿರುಳು, ಅರ್ಧ ಸ್ಟ್ರಾಬೆರಿ ತಿರುಳು ಹಾಕಿ, ತಳ ಬಿಡುವ ತನಕ ಮಗುಚಿ, ಬೆಣ್ಣೆ ಸವರಿದ ತಟ್ಟೆಗೆ ಸುರಿಯಿರಿ. ಒಂದು ದಿನ ಬಿಟ್ಟು ಕತ್ತರಿಸಿ. ಪೆರಾದ್‌ಗೆ ಕೆಂಪು ಬಣ್ಣ ಹಾಕುವ ಮನೆಗಳಿವೆ, ಫ್ರೀಜರ್‌ನಲ್ಲಿ ಕರಂಡೆ ರಸ ಇದ್ದರೆ ಆ ಬಣ್ಣದ ಬಾಟಲಿ ಬೇಕಾಗುವುದೇ ಇಲ್ಲ. ಪೇರಳೆಗೆ ಬೇಕಾದ ಹುಳಿಯೂ ಅದರಿಂದಲೇ ಬರುತ್ತದೆ.

ಪ್ರಶ್ನೆ: ನಮ್ಮ ಸ್ವಸಹಾಯ ಗುಂಪಿನವರು ಕರಂಡೆ, ನೇರಳೆ ಜಾಮ್ ಮಾಡಿ ಮಾರಬೇಕೆಂದಿದ್ದೇವೆ. ಲೈಸೆನ್ಸ್ ಬೇಕಾ? (ಬೈಂದೂರು)

ಬೇಕು. ಮನೆಯಲ್ಲೇ ಮಾಡಿದರೂ, ಸಂತೆಯಲ್ಲೇ ಮಾರಿದರೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಕೇಂದ್ರ ಸಂಸ್ಥೆ) ನೋಂದಣಿ ಆಗಬೇಕು. ಸಣ್ಣವರಿಗೆ ಸುಲಭದ ನೋಂದಣಿ ಇದೆ, ಆನ್‌ಲೈನ್‌ನಲ್ಲೇ ಆಗುತ್ತದೆ. ಸಿಗುವ 14 ಅಂಕಿಯ ನಂಬರ್ ಲೇಬಲ್ ಮೇಲೆ ಇರಬೇಕು. ಅದರ ಜೊತೆ ಏನೇನು ಹಾಕಿದ್ದೀರಿ, ನಿವ್ವಳ ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ನಂಬರ್, ಸಸ್ಯಾಹಾರದ ಹಸಿರು ಗುರುತು. ಜಾಮ್ ಅಂತ ಹೆಸರು ಹಾಕಿದರೆ ಆ 65ರ ಲೆಕ್ಕ ಪಾಲಿಸಬೇಕು, ಹಣ್ಣು ನೂರಕ್ಕೆ 45 ಭಾಗ ಇರಬೇಕು. ಸ್ಟ್ರಾಬೆರಿ, ರಾಸ್ಪ್‌ಬೆರಿಗೆ ಮಾತ್ರ 25 ಸಾಕು. ಒಂದು ರಿಫ್ರಾಕ್ಟೋಮೀಟರ್ ಗುಂಪಿನಿಂದ ಕೊಳ್ಳಿ, ಒಂದು ಹನಿ ಹಾಕಿದರೆ ಸಕ್ಕರೆಯ ಅಂಶ ತೋರಿಸುತ್ತದೆ. ಪ್ರತಿ ಬ್ಯಾಚ್ ಬರೆದಿಡಿ. ಹೆಸರು ಕೆಡಲು ಬೂಷ್ಟು ಹಿಡಿದ ಒಂದು ಬಾಟಲಿ ಸಾಕು.

ಬೆಲೆ ಕಮ್ಮಿ ಇಡಬೇಡಿ ಅಂತಲೂ ಹೇಳುತ್ತೇನೆ. ಮುಳ್ಳಿನ ಪೊದೆಯಿಂದ ಒಂದೊಂದೇ ಹಣ್ಣು ಕೊಯ್ದವರ ಕೂಲಿಯನ್ನು ಲೆಕ್ಕ ಹಾಕದೆ, ಫ್ಯಾಕ್ಟರಿ ಜಾಮ್‌ನ ಬೆಲೆಗೆ ಹೊಂದಿಸಲು ಹೋದರೆ ಎರಡನೇ ವರ್ಷ ಗುಂಪಿನಲ್ಲಿ ಯಾರೂ ಉಳಿಯುವುದಿಲ್ಲ.

ಪ್ರಶ್ನೆ: ಪೇಟೆಯಲ್ಲಿ ಮನೆ, ಸ್ವಲ್ಪ ಜಾಗ ಇದೆ. ಕರಂಡೆ ನೆಡಬಹುದಾ? (ಬಿಜೈ)

ಖಂಡಿತ. ಕಾಂಪೌಂಡ್ ಪಕ್ಕ ಬೇಲಿ ಹಾಗೆ ಬೆಳೆಸಿ, ಮುಳ್ಳು ಇರುವುದರಿಂದ ದನವೂ ಮುಟ್ಟುವುದಿಲ್ಲ. ಮುರಮಣ್ಣು ಸಾಕು, ಬಿಸಿಲು ಬೇಕು, ನೀರು ನಿಲ್ಲಬಾರದು. ಹಣ್ಣಿನಿಂದ ತೆಗೆದ ಬೀಜವನ್ನು ಒಣಗಿಸಿ ಇಟ್ಟುಕೊಳ್ಳಬೇಡಿ, ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುತ್ತದೆ. ಜಾಮ್‌ಗೆ ತಿರುಳು ತೆಗೆಯಲು ಬೇಯಿಸಿದ ಬೀಜವಂತೂ ಹುಟ್ಟುವುದೇ ಇಲ್ಲ, ಹಾಗಾಗಿ ನಾಲ್ಕು ಒಳ್ಳೆ ಹಣ್ಣನ್ನು ಮೊದಲೇ ಬೇರೆ ತೆಗೆದಿಟ್ಟು, ಅದರ ಬೀಜ ಕೂಡಲೇ ಹಾಕಿ. ಮೊದಲ ಮಳೆಗಾಲ ಗಿಡ ಚಟ್ಟಿಯಲ್ಲೇ ಇರಲಿ, ಮುಂದಿನ ಜೂನ್‌ನಲ್ಲಿ ಒಂದೊಂದು ಮೀಟರ್ ಬಿಟ್ಟು ನೆಡಿ. ನರ್ಸರಿಯಲ್ಲಿ ಗಿಡ ಸಿಕ್ಕಿದರೆ ಒಂದು ವರ್ಷ ಉಳಿಯುತ್ತದೆ. ಕೇಳುವಾಗ ಕರಂಡೆ ಅಂದರೆ ಅರ್ಥವಾಗದಿದ್ದರೆ ಕವಳಿಕಾಯಿ ಅಂತ ಹೇಳಿ ನೋಡಿ.